ರೀಡರ್ ಎಲ್ಲಿಟ್ಟೆ ಅಣ್ಣಾ?

ಕಳೆದುಹೋದದ್ದನ್ನು ಹುಡುಕಿಕೊಡುವ ಸಾಮಾನು ಮಾರುವವರು ನಾವು, ನಾನು ಮತ್ತು ನನ್ನಣ್ಣ. ಬೀದಿಗೆ ಬೋರ್ಡು ಹಾಕಿಕೊಂಡ ಅಂಗಡಿಯಲ್ಲ. ಆರ್ಡರು ಇಂಟರ್ನೆಟ್ಟಿನಲ್ಲಿ ಬರುತ್ತದೆ, ನಾವು ಪ್ಯಾಕ್ ಮಾಡಿ ಕೊರಿಯರ್‌ನವರ ಕೈಗೆ ಕೊಡುತ್ತೇವೆ. ಮಾರುವುದು ಆರ್‌ಎಫ್‌ಐಡಿ ಟ್ಯಾಗು ಮತ್ತು ಅದನ್ನು ಓದುವ ರೀಡರು. ಟ್ಯಾಗ್ ನೋಡಲು ಸ್ಟಿಕ್ಕರಿನ ಹಾಗೆ, ಒಳಗೊಂದು ಸಣ್ಣ ಚಿಪ್. ಪುಸ್ತಕಕ್ಕೋ ಬೆಡ್‌ಶೀಟಿಗೋ ಅಂಟಿಸಿದರೆ ಮುಗಿಯಿತು. ಹತ್ತಿರ ಬಂದ ಪ್ರತಿ ಹೊಸ ಟ್ಯಾಗಿಗೂ ರೀಡರು ಒಂದು ಸಲ 'ಕುಂಯ್' ಎಂದು ಕೂಗಿ, ಅದು ಯಾವುದೆಂದು ಪರದೆಯ ಮೇಲೆ ತೋರಿಸುತ್ತದೆ. ನಮ್ಮ ವೆಬ್‌ಸೈಟಿನ ನೆತ್ತಿಯ ಮೇಲೆ ಅಣ್ಣ ದಪ್ಪಕ್ಷರದಲ್ಲಿ ಹಾಕಿಸಿದ್ದಾನೆ: 'ಇನ್ನು ಕಳೆದುಹೋಗುವ ಮಾತೇ ಇಲ್ಲ.'

ಆ ದಿನ ಕಳೆದುಹೋದದ್ದು ನಮ್ಮ ರೀಡರು.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆನೇನೋ. ಆದರೆ ಅದರ ಹಿಂದಿನ ವಾರವಷ್ಟೇ ಅಣ್ಣನಿಗೆ ಹೊಸ ಹುಕಿ ಬಂದಿತ್ತು. ಬಾಕ್ಸುಗಳ ಮೇಲೆ ಗಿರಾಕಿಗಳ ಹೆಸರು ಬರೆಯುವುದು ನಿಲ್ಲಬೇಕು, ಟ್ಯಾಗ್ ಒಂದೇ ಸಾಕು. "ಟ್ಯಾಗ್ ಮಾರೋರೇ ಪೆನ್ ಹಿಡ್ಕೊಂಡು ಕೂತ್ರೆ ಜನ ನಗ್ತಾರೆ ಕಣೇ" ಅಂದ. ಬಡಕೊಂಡೆ. ಕೇಳಿದರೆ ತಾನೇ? ಈಗ ಗೋಡೌನಿನ ತುಂಬ ಒಂದೇ ಅಳತೆಯ, ಒಂದೇ ಬಣ್ಣದ ಬಾಕ್ಸುಗಳು. ಬಿಚ್ಚಿ ನೋಡಿದರೂ ಒಳಗೆ ಒಂದೇ ತರಹದ ಟ್ಯಾಗಿನ ಸುರುಳಿಗಳು. ಯಾವುದು ಯಾರಿಗೆ ಅನ್ನುವುದು ಆ ರೀಡರಿಗೆ ಮಾತ್ರ ಗೊತ್ತು. ಮಾರುವ ರೀಡರುಗಳ ಸ್ಟಾಕೂ ಮುಗಿದಿತ್ತು. ಮಧ್ಯಾಹ್ನ ಕೊರಿಯರ್ ವ್ಯಾನ್ ಬರುವುದಿತ್ತು.

ಇನ್ನೊಂದು ಮಾತಿದೆ. ಬಟ್ಟೆ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬರುತ್ತೇನೋ ಇಲ್ಲವೋ ಎಂದು ಅವತ್ತು ಸಂಜೆಯೊಳಗೆ ಹೇಳಬೇಕಿತ್ತು. ಅಣ್ಣನಿಗೆ ಮೊದಲೇ ಹೇಳಿದ್ದೆ. ಅವನು ಕಂಪ್ಯೂಟರಿನಿಂದ ತಲೆ ಎತ್ತದೆ "ಹ್ಞೂ" ಅಂದಿದ್ದ. ನಾನು ಬೆಳಿಗ್ಗೆ ಬಂದರೂ ಅಷ್ಟೇ, ಬರೀ "ಹ್ಞೂ". ಬಾಗಿಲಿನಷ್ಟೂ ಮರ್ಯಾದೆ ಇಲ್ಲ ಅವನಿಗೆ. ಚೌಕಟ್ಟಿಗೆ ಅವನೇ ಕೂರಿಸಿದ ಹಳೆಯ ಯಂತ್ರವೊಂದಿದೆ. ಟ್ಯಾಗ್ ದಾಟಿದರೆ ಕೂಗುತ್ತದೆ, ಯಾವ ಟ್ಯಾಗ್ ಎಂದು ಹೇಳುವಷ್ಟು ಬುದ್ಧಿ ಅದಕ್ಕಿಲ್ಲ. ನಾನು ಮಾಲು ಏನೂ ಹಿಡಿಯದೆ ಬಂದರೂ ಅದು ಕುಂಯ್ ಅನ್ನುತ್ತಿತ್ತು. ಕೆಟ್ಟಿದೆ, ರಿಪೇರಿ ಮಾಡಿಸು ಅಂತ ಎಷ್ಟು ಸಲ ಹೇಳಿದರೂ ಅದೇ "ಹ್ಞೂ, ನೋಡ್ತೀನಿ."

"ರೀಡರ್ ಎಲ್ಲಿಟ್ಟೆ ಅಣ್ಣಾ?"

"ಇಲ್ಲೇ ಎಲ್ಲೋ ಇದೆ."

"ಇಲ್ಲೇ ಅಂದ್ರೆ ಎಲ್ಲಿ?"

"ಪ್ಯಾಕ್ ಮಾಡೋವಾಗ ಕೈಯಲ್ಲೇ ಇತ್ತಪ್ಪ. ಆಗ್ತಾನೆ ಆನ್ ಮಾಡಿದ್ದೆ."

"ಕತ್ತರಿಗೆ ಟ್ಯಾಗ್ ಅಂಟಿಸಿದೀಯ, ಸ್ಟೂಲಿಗೆ ಅಂಟಿಸಿದೀಯ, ನೀರಿನ ಬಾಟ್ಲಿಗೂ ಅಂಟಿಸಿದೀಯ. ಅದಕ್ಕೊಂದು ಅಂಟಿಸೋಕೆ ಏನಾಗಿತ್ತು?"

ಅಣ್ಣ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಅಂಟಿಸಿದ್ರೂ ಯಾವುದ್ರಲ್ಲಿ ಹುಡುಕ್ತಿದ್ದೆ? ಹುಡುಕೋದೇ ಅದು ತಾನೇ?"

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವನದ್ದೋ ನನ್ನದ್ದೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಕಪಾಟು ಜಾಲಾಡಿದೆ. ಮೇಜಿನ ಕೆಳಗೆ ತೂರಿ ಧೂಳು ಮೆತ್ತಿಕೊಂಡು ಎದ್ದೆ. ಅಣ್ಣ ತನ್ನ ಜೇಬು ಮುಟ್ಟಿ ನೋಡಿಕೊಂಡ. ಇಟ್ಟಿಗೆ ಗಾತ್ರದ ರೀಡರು ಜೇಬಿನಲ್ಲಿ! ಅಷ್ಟರಲ್ಲಿ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿಯ ಫೋನು. ಅವರೇ ನಮ್ಮ ದೊಡ್ಡ ಗಿರಾಕಿ, ಅವರ ಟ್ಯಾಗುಗಳೂ ಆ ರಾಶಿಯಲ್ಲೇ ಎಲ್ಲೋ ಇದ್ದವು.

"ಬೆಡ್‌ಶೀಟ್ ಹುಡುಕಿ ಹುಡುಕಿ ಸಾಕಾಗಿದೆ ಮೇಡಂ. ಇವತ್ತು ಕಳಿಸ್ತೀರೋ, ನಾವು ಬೇರೆ ಕಡೆ ನೋಡ್ಕೊಳ್ಳೋದೋ?"

"ಹೊರಡ್ತಾ ಇದೆ ಮೇಡಂ, ಹೊರಟೇಬಿಡ್ತು" ಅಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಫೋನಿಟ್ಟು ತಿರುಗಿದರೆ ಅಣ್ಣ ಕಂಪ್ಯೂಟರಿನ ಮುಂದೆ ಕೂತು ಇನ್ನೇನೋ ಟೈಪ್ ಮಾಡುತ್ತಿದ್ದಾನೆ! ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಸಾಕಪ್ಪ ಸಾಕು. ನೀನುಂಟು, ನಿನ್ನ ಬಾಕ್ಸುಂಟು. ಕಾರ್ಖಾನೆಯವರಿಗೆ ಬರ್ತೀನಿ ಅಂತ ಹೇಳ್ತೀನಿ."

"ಹ್ಞೂ" ಅಂದ. ತಲೆ ಎತ್ತಲಿಲ್ಲ.

ಒಳಕೋಣೆಯ ಗೂಟಕ್ಕೆ ನೇತುಹಾಕಿದ್ದ ಚೀಲವನ್ನು ಹೆಗಲಿಗೇರಿಸಿ ಧಡಧಡ ಹೊರಟೆ. ಬಾಗಿಲಿಗೆ ಹೋಗಬೇಕಾದರೆ ಬಾಕ್ಸಿನ ರಾಶಿ ದಾಟಬೇಕು. ಅರ್ಧ ದಾಟಿದ್ದೆ. ರಾಶಿಯೊಳಗಿಂದ ದನಿ ಬಂತು.

ಕುಂಯ್.

ಅಣ್ಣ ಚಂಗನೆ ಎದ್ದು ಓಡಿಬಂದ. "ಅಲ್ಲಿದೆ! ನೋಡ್ದ್ಯಾ, ನಮ್ಮ ಮಾಲು ಅಂದ್ರೆ ಹೆಂಗೆ!" ಮೇಲಿನ ಬಾಕ್ಸಿನ ಟೇಪು ಕಿತ್ತರೆ, ಸುರುಳಿಗಳ ಮೇಲೆ ಜೋಪಾನವಾಗಿ ಮಲಗಿತ್ತು ರೀಡರು. ಕೈಯಲ್ಲಿದ್ದದ್ದನ್ನು ಬಾಕ್ಸಿನೊಳಗಿಟ್ಟು ಇವನೇ ಟೇಪು ಹೊಡೆದಿದ್ದ. ಪುಣ್ಯಾತ್ಮ.

ಆದರೆ ಅದು ಈಗ ಕೂಗಿದ್ದೇಕೆ? ಅಲ್ಲಿ ಹೊಸದಾಗಿ ಬಂದದ್ದು ನಾನು, ನನ್ನ ಚೀಲ, ಅಷ್ಟೇ. ರೀಡರನ್ನು ಅವನ ಕೈಯಿಂದ ಕಸಿದುಕೊಂಡೆ. ಪರದೆಯ ಮೇಲೆ ಕೊನೆಗೆ ಓದಿದ ಟ್ಯಾಗಿನ ಹೆಸರಿತ್ತು: ಪುಟ್ಟಿ.

ನನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಕರೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಚೀಲದ ಒಳಜೇಬಿಗೆ ಕೈ ಹಾಕಿದೆ. ತಳದಲ್ಲಿ ಟ್ಯಾಗ್ ಅಂಟಿತ್ತು. ಮೈ ಉರಿದುಹೋಯಿತು.

"ನಾನೇನು ಲಾಂಡ್ರಿ ಬೆಡ್‌ಶೀಟಾ? ಹೇಳ್ದೆ ಕೇಳ್ದೆ ನನ್ನ ಚೀಲಕ್ಕೆ ಅಂಟಿಸೋಕೆ ಎಷ್ಟು ಧೈರ್ಯ ನಿಂಗೆ?"

ಅಣ್ಣ ಟೇಪಿನ ತುಂಡನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನೀನು ದಿನಾ ಬಿಟ್ಟೋಗ್ತೀನಿ ಬಿಟ್ಟೋಗ್ತೀನಿ ಅಂತೀಯ. ಬೆಳಿಗ್ಗೆ ಬಾಗಿಲು ಕುಂಯ್ ಅಂದ್ರೆ, ಸದ್ಯ, ಇವತ್ತೂ ಬಂದ್ಲು ಅಂದ್ಕೋತೀನಿ. ಆಮೇಲೇ ನಂಗೆ ಕೆಲಸ ಓಡೋದು."

"ಅದನ್ನ ಬಾಯಲ್ಲಿ ಹೇಳೋಕೇನಾಗಿತ್ತು?"

ಅವನು ಟೇಪಿನ ತುಂಡನ್ನು ಮತ್ತೆ ಬೆರಳಿಗೆ ಸುತ್ತತೊಡಗಿದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಮೊದಲಿನ ಬಿಸಿಯೂ ಉಳಿದಿರಲಿಲ್ಲ. ಇಂಥವನ ಮೇಲೆ ನೆಟ್ಟಗೆ ಒಂದು ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲವಲ್ಲ! ಚೀಲದ ಟ್ಯಾಗನ್ನು ಕಿತ್ತು ರೀಡರಿನ ಬೆನ್ನಿಗೆ ಒತ್ತಿ ಅಂಟಿಸಿದೆ.

"ಇದು ಬಾಗಿಲು ದಾಟಿದ್ರೆ ಕೂಗ್ಲಿ. ನಾನು ಬಂದೆನೋ ಇಲ್ವೋ ಅಂತ ತಿಳೀಬೇಕಾದ್ರೆ ತಲೆ ಎತ್ತಿ ನೋಡು."

ಬಾಕ್ಸುಗಳನ್ನು ಒಂದೊಂದಾಗಿ ರೀಡರಿಗೆ ತೋರಿಸಿ, ವಿಳಾಸ ಅಂಟಿಸಿ ಮುಗಿಸುವಷ್ಟರಲ್ಲಿ ವ್ಯಾನಿನವನು ಹಾರನ್ ಹೊಡೆಯುತ್ತಿದ್ದ. ಆಸ್ಪತ್ರೆಯ ಬಾಕ್ಸನ್ನು ನಾನೇ ಹೊತ್ತು ವ್ಯಾನಿಗೆ ಹಾಕಿದೆ. ಸಂಜೆ ಮನೆಗೆ ಹೋಗಿ ಕಾರ್ಖಾನೆಗೆ ಫೋನ್ ಮಾಡಿದೆ. ಏನು ಹೇಳಿದೆನೆಂದು ಅಣ್ಣನಿಗೆ ತಿಳಿಸಲಿಲ್ಲ. ಒಂದು ರಾತ್ರಿಯಾದರೂ ಒದ್ದಾಡಲಿ.

ಮರುದಿನ ಬೆಳಿಗ್ಗೆ ಬಾಗಿಲು ದಾಟಿದೆ. ಅದು ಕೂಗಲಿಲ್ಲ. ಗೋಡೌನಿನಲ್ಲಿ ಹೊಸ ಬಾಕ್ಸುಗಳ ಮೇಲೆ ಅಣ್ಣನ ಕಾಗೆ ಕಾಲಿನ ಅಕ್ಷರದಲ್ಲಿ ಗಿರಾಕಿಗಳ ಹೆಸರುಗಳಿದ್ದವು. ಒಳಕೋಣೆಯಲ್ಲಿ ಕಂಪ್ಯೂಟರ್ ಇನ್ನೂ ಆನ್ ಆಗಿರಲಿಲ್ಲ. ಅದರ ಮುಂದೆ ಕೂತ ಅಣ್ಣ, ಯಾವಾಗಿನಿಂದಲೋ ಏನೋ, ಕತ್ತು ಉದ್ದ ಮಾಡಿಕೊಂಡು ಬಾಗಿಲನ್ನೇ ನೋಡುತ್ತಿದ್ದ.

"ಬಂದ್ಯಾ ಪುಟ್ಟಿ?"

"ಕಾಣಿಸ್ತಿಲ್ವಾ?" ಎಂದು ರೇಗಿ, ಚೀಲವನ್ನು ಗೂಟಕ್ಕೆ ನೇತುಹಾಕಿದೆ.