ನೆಟ್ಟಗಾದ ಜಾರುಹಲಗೆ

೧೯೩೭ರ ಡಿಸೆಂಬರಿನಲ್ಲಿ ಹಾಸನದ ಕಾಫಿ ಕಂಪನಿಯ ಮೆಲ್ಬಿ ದೊರೆ ತನ್ನ ಬಂಗಲೆಯ ಆಳು ಸಣ್ಣಯ್ಯನನ್ನು ಕಾಶ್ಮೀರದ ಗುಲ್ಮಾರ್ಗಿಗೆ ಕರೆದುಕೊಂಡು ಹೋದ. ತಾನು ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಆಡುವಷ್ಟು ಹೊತ್ತೂ ಸಣ್ಣಯ್ಯನ ಕೈಗೆ ಕೋಟು ಕೊಟ್ಟು, ಬರೀ ಚಪ್ಪಲಿಯಲ್ಲಿ ಹಿಮದ ಮೇಲೆ ನಿಲ್ಲಿಸಿದ. ಸಣ್ಣಯ್ಯನ ಎಡಗಾಲಿನ ನಾಲ್ಕು ಬೆರಳು ಚಳಿಗೆ ಸತ್ತು ಹೋದವು. ಊರಿಗೆ ಬಂದ ಮೇಲೆ, ಕುಂಟುವವನು ತಟ್ಟೆ ಹಿಡಿದರೆ ಚಹಾ ಚೆಲ್ಲುತ್ತದೆ ಎಂದು ಅವನನ್ನು ಕೆಲಸದಿಂದ ತೆಗೆದ. ಅವನ ಜಾಗಕ್ಕೆ ಅವನ ತಮ್ಮ ಪುಟ್ಟರಾಜುವನ್ನು ಸೇರಿಸಿಕೊಂಡ.

ಮರುವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ಬಂಗಲೆಯ ಜಗಲಿಯ ಮೇಲೆ ಮತ್ತೆ ದೊಡ್ಡ ಟ್ರಂಕು ಬಾಯಿ ತೆರೆಯಿತು. ಬೇವಿನ ಸೊಪ್ಪಿನ ನಡುವಿನಿಂದ ಉಣ್ಣೆಯ ಕಾಲುಚೀಲಗಳು, ಕಪ್ಪು ಗಾಜಿನ ಕನ್ನಡಕ, ಮಂಡಿಯವರೆಗಿನ ಪಟ್ಟಿಗಳು ಹೊರಬಂದವು. ಪುಟ್ಟರಾಜು ಅವನ್ನೆಲ್ಲ ಬಿಸಿಲಿಗೆ ಹರಡಿದ. ದೊರೆಯ ಬೂಟಿಗೆ ಹರಳೆಣ್ಣೆ ತಿಕ್ಕಿದ. ಅಂಥ ಒಂದು ಬೂಟಿನೊಳಗೆ ಅವನ ಎರಡು ಪಾದವೂ ಹಿಡಿಯುತ್ತಿದ್ದವು. ದೊರೆ ಆರಡಿ ದಾಟಿದ ಆಳು.

ಅಷ್ಟರಲ್ಲಿ ಗುಲ್ಮಾರ್ಗಿನಿಂದ ತಂತಿ ಬಂತು. ಹೊಸ ಹಿಮ ಬಿದ್ದಿದೆ, ಇನ್ನೂ ಬೀಳುತ್ತಿದೆ. ದೊರೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಹಳೇ ಹಿಮ ಕಲ್ಲು ಇದ್ದಹಾಗೆ, ಪುಟ್ಟರಾಜು. ಹೊಸದು ನಿಮ್ಮ ಅಕ್ಕಿಹಿಟ್ಟು! ಮಂಡಿವರೆಗೆ ಹಿಟ್ಟು!" ಎಂದು ಜಗಲಿಯ ಮೇಲೆ ಮಂಡಿ ಬಾಗಿಸಿ ಜಾರುವುದನ್ನು ತೋರಿಸಿದ. "ಈ ಸಲ ನೀನು ಬಾ ನನ್ನ ಜೊತೆ."

"ಸಾ, ನಂಗೆ ಬೂಟು..."

"ಅಲ್ಲಿ ಕೊಡ್ತೇನೆ."

ಸ್ಟೇಷನ್ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಪುಟ್ಟರಾಜು ಈ ಮಾತು ಹೇಳಿದಾಗ, ಸಣ್ಣಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ನಿಮ್ಮಣ್ಣಂಗೂ ಇಂಗೇ ಏಳಿದ್ದ ಕಣಪ್ಪ, ಅಲ್ಲಿ ಕೊಡ್ತೀನಿ ಅಂತ. ಬೂಟು ಕೊಡ್ನಿಲ್ಲ, ಬೆರಳ ಇಸ್ಕಂಡ."

"ಓಗಕಿಲ್ಲ ಅಂದ್ಬುಡ್ಲಾ ಅಣ್ಣಾ?"

ಸಣ್ಣಯ್ಯ ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಅಂದ್ಬುಡು. ನಾಳೆಯಿಂದ ಮೂರು ಜನ ಚೀಲ ಹೊಲಿಯಾನ. ಚೀಲ ತಿನ್ನಾನ."

ಪುಟ್ಟರಾಜು ಲೆಕ್ಕ ಹಾಕಿದ. ಆ ಮನೆಗೆ ರಾಗಿ ಬರುತ್ತಿದ್ದುದು ಬಂಗಲೆಯ ಕೆಲಸದಿಂದ. ಹೋಗದೆ ಇದ್ದರೆ ಕೆಲಸ ಹೋಗುತ್ತದೆ, ಹೋದರೆ ಕಾಲು ಹೋಗುತ್ತದೆ. ದೊರೆಯೇ ಹೋಗದಿದ್ದರೆ ಮಾತ್ರ ಎರಡೂ ಉಳಿಯುತ್ತವೆ. ಹೊಸ ಹಿಮದ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಸಲ ಓದುವವನು ಹೋಗದೆ ಇರುತ್ತಾನೆಯೆ?

ಜಾರುಹಲಗೆಗಳಲ್ಲಿ ಒಂದು ಹೋದ ಸಲವೇ ನಡುವೆ ಸೀಳಿತ್ತು. ಮನುಷ್ಯನಿಗಿಂತ ಎತ್ತರದ, ಅಂಗೈ ಅಗಲದ ಎರಡು ಹಲಗೆ. ಮುಂದಿನ ತುದಿ ಮೇಲಕ್ಕೆ ಬಾಗಿರುತ್ತಿತ್ತು. ಬಂಗಲೆಯ ಗುಮಾಸ್ತ ಚನ್ನಬಸವಯ್ಯ, "ಹಳೇಕೋಟೆ ಕಾಳಾಚಾರಿ ಹತ್ರ ಕಳಿಸಿ ಸಾರ್. ನಮ್ಮ ಜಟಕಾ ಮೂಕಿ ಸೊಟ್ಟಗಾಗಿದ್ದಾಗ ಬಾಣದ ಹಾಗೆ ನೆಟ್ಟಗೆ ಮಾಡಿಕೊಟ್ಟವನು," ಎಂದ. ದೊರೆ ಪುಟ್ಟರಾಜುವಿಗೆ ಅಪ್ಪಣೆ ಕೊಟ್ಟ: ಸೀಳು ಮುಚ್ಚಿಸು, ಅಡಿಗೆ ಮೇಣ ತಿಕ್ಕಿಸು, ಎಲ್ಲಾ ಸರಿ ಮಾಡಿಸು.

ಹಲಗೆಗಳನ್ನು ಚಾಪೆಯಲ್ಲಿ ಸುತ್ತಿ, ಹೊಳೆನರಸೀಪುರದವರೆಗೆ ರೈಲಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಪುಟ್ಟರಾಜು ಹಳೇಕೋಟೆಗೆ ಒಯ್ದ. ಕಾಳಾಚಾರಿ ಮೊದಲು ವೀಳ್ಯ ಕೇಳಿದ. ಅದು ಅವರ ಕಸುಬಿನ ಕಟ್ಟು. ವೀಳ್ಯ ತೆಗೆದುಕೊಂಡು ಒಬ್ಬ ಆಚಾರಿ ಮುಟ್ಟಿದ ಮರವನ್ನು, ಅವನೇ ವೀಳ್ಯ ಕೊಟ್ಟು ಬಿಟ್ಟುಕೊಡುವವರೆಗೆ ಆ ಸೀಮೆಯ ಇನ್ನೊಬ್ಬ ಆಚಾರಿ ಮುಟ್ಟುವುದಿಲ್ಲ. ಪುಟ್ಟರಾಜು ದೊರೆಯ ಪರವಾಗಿ ಎಲೆ ಅಡಿಕೆ ಕೊಟ್ಟು, "ಎಲ್ಲಾ ಸರಿ ಮಾಡ್ಬೇಕಂತೆ," ಎಂದು ಹೇಳಿ ಬಂದ.

ಎಂಟನೆಯ ದಿನ ಬೆಳಗಿನ ರೈಲಿಗೆ ಕಾಳಾಚಾರಿ ತಾನೇ ಹಲಗೆ ಹೊತ್ತು ಹಾಸನಕ್ಕೆ ಇಳಿದ. ಮಾಡಿದ ಕೆಲಸಕ್ಕೆ ಶಹಬಾಸ್ ಎನ್ನಿಸಿಕೊಳ್ಳದೆ ಬಿಡುವವನಲ್ಲ. ದಾರಿಯಲ್ಲೇ ಇದ್ದ ಪುಟ್ಟರಾಜುವಿನ ಮನೆ ಮುಂದೆ ಚಾಪೆ ಬಿಚ್ಚಿದ.

"ಸೀಳು ಎಲ್ಲೈತೆ ಉಡುಕು ನೋಡಾನ. ಜೇನುಮೇಣ ಕುದ್ಸಿ ಮೂರು ಸಲ ತಿಕ್ಕಿವ್ನಿ. ಅದೆಲ್ಲಾ ಇರ್ಲಿ, ಈ ತುದಿ ನೋಡು. ಯಾವ ಮಳೇಲಿ ನೆನ್ಸಿದ್ರೋ, ಎರಡೂ ಮೂತಿ ಎತ್ಕಂಡು ಕುಂತಿದ್ವು. ಬಿಸಿನೀರು ಕುಡ್ಸಿ, ಬತ್ತದ ಒಟ್ಟಿನ ಬೆಂಕಿಗೆ ಕಾಯ್ಸಿ, ಐದು ದಿನ ಗಾಡಿ ಚಕ್ರದ ಅಡಿ ಅದುಮಿಟ್ಟಿದ್ದೆ. ಈಗ ನೋಡು, ನೂಲು ಇಡ್ದಂಗೈತೆ!"

ಬಾಗಿಲಿಗೆ ಬಂದ ಸಣ್ಣಯ್ಯ ಹಲಗೆ ನೋಡಿದ. ತುದಿಯಿಂದ ತುದಿಗೆ ಕೈಯಾಡಿಸಿದ. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದ. ಹೋದ ಡಿಸೆಂಬರಿನಿಂದ ಆ ಮನೆಯಲ್ಲಿ ಯಾರೂ ಅವನ ನಗು ಕೇಳಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಒಳಗಿನಿಂದ ಓಡಿಬಂದಳು.

"ಆ ಮೂತಿ ಇದ್ರೇ ಅದು ಹಿಮದ ಮ್ಯಾಲೆ ತೇಲೋದು ಕಣೋ ಆಚಾರಿ! ಇದ ಕಟ್ಕಂಡು ಹೊಸ ಹಿಮಕ್ಕೆ ಇಳುದ್ರೆ ದೊರೆ ನೇಗಿಲ ಗುಳದಂಗೆ ನಾಟ್ಕಂತಾನೆ!"

ಪುಟ್ಟರಾಜುವಿಗೆ ಎದೆಯ ಮೇಲಿದ್ದ ಕಲ್ಲು ಸರಿದಂತಾಯಿತು. "ಬ್ಯಾರೆ ಹಲಗೆ ತಕ್ಕಂಡ್ರೆ?"

"ಅಲ್ಲಿ ಬಾಡಿಗೆ ಹಲಗೆ ಅವನ ಉದ್ದಕ್ಕೆ ಆಗಕಿಲ್ಲ. ಓದ್ಸಲ ಇವು ಎರಡು ದಿನ ತಡವಾಗಿ ಬಂದ್ವು ಅಂತ ಕೋಣೇಲಿ ಮಕ ಊದುಸ್ಕಂಡು ಕುಂತಿದ್ದ."

ಕಾಳಾಚಾರಿ ಮಾತ್ರ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. "ಅಯ್ಯೋ ನನ್ನ ಕೈ ಸೇದೋಗ! ಎರಡು ದಿನ ಕೊಡ್ರಪ್ಪ, ಮತ್ತೆ ಆವಿ ಕೊಟ್ಟು ಬಗ್ಗಿಸ್ಬುಡ್ತೀನಿ. ಕಾಳಾಚಾರಿ ಕೆಲ್ಸ ಕೆಟ್ಟಿತು ಅನ್ನಂಗಾಗ್ಬಾರ್ದು." ಹಲಗೆಗಳನ್ನು ಮತ್ತೆ ಚಾಪೆಗೆ ಸುತ್ತತೊಡಗಿದ.

ಸಣ್ಣಯ್ಯನ ನಗು ನಿಂತಿತು. ಅವನು ಎಡಗಾಲಿನ ಬಟ್ಟೆ ಬಿಚ್ಚಿ, ಪಾದವನ್ನು ಚಾಪೆಯ ಮೇಲೆ, ಹಲಗೆಯ ಪಕ್ಕದಲ್ಲಿ ಇಟ್ಟ.

"ಇದು ಯಾವ ಗರಗಸದ ಕೆಲಸ?" ಎಂದ ಕಾಳಾಚಾರಿ.

"ಹಿಮದ್ದು. ಈ ವರ್ಸ ಇವನ ಸರದಿ," ಎಂದಳು ಚಿಕ್ಕಲಕ್ಷ್ಮಮ್ಮ, ಮೈದುನನನ್ನು ತೋರಿಸಿ.

ಕಾಳಾಚಾರಿ ಹಲಗೆ ಹೆಗಲಿಗಿಟ್ಟು ಎದ್ದ. "ನಡಿಯಪ್ಪ, ಬಂಗಲೆಗೆ ಓಗಾನ."

ಮೆಲ್ಬಿ ದೊರೆ ಜಗಲಿಯ ಮೇಲೆ ಹಲಗೆ ನಿಲ್ಲಿಸಿ ನೋಡಿದ. ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪು.

"ಯಾರು ಮಾಡಿದ್ದು?"

"ನಾನು ಸಾ. ಈ ಉಡುಗನ ತಪ್ಪೇನಿಲ್ಲ. ಸರಿ ಮಾಡು ಅಂದ್ರಿ. ಸರಿ ಆಯ್ತು."

"ಬಗ್ಗಿಸು! ನಾಳೆ ಸಾಯಂಕಾಲದ ಒಳಗೆ ಬಗ್ಗಿಸು! ನಾಡಿದ್ದು ರೈಲು. ಬಗ್ಗದಿದ್ದರೆ ಪ್ರಯಾಣ ಇಲ್ಲ, ತಿಳಿಯಿತಾ?"

ಪ್ರಯಾಣ ಇಲ್ಲ. ಕಂಬದ ಮರೆಯಲ್ಲಿದ್ದ ಪುಟ್ಟರಾಜು ಆ ಎರಡು ಮಾತನ್ನು ಬೆಲ್ಲದಂತೆ ಬಾಯಲ್ಲಿಟ್ಟುಕೊಂಡ. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಅವನ ಹತ್ತು ಬೆರಳೂ ತಾವಾಗಿ ಅಲುಗಿದವು.

"ಆಗಕಿಲ್ಲ ಸಾ," ಎಂದ ಕಾಳಾಚಾರಿ.

"ಆಗೋದಿಲ್ಲವಾ, ಮಾಡೋದಿಲ್ಲವಾ?"

"ಆಯ್ತದೆ. ಮಾಡಕಿಲ್ಲ."

ದೊರೆ ಹಲಗೆಯನ್ನು ನೆಲಕ್ಕೆ ಎಸೆದ. ಊರಲ್ಲಿ ಬೇರೆ ಬಡಗಿಗಳಿಲ್ಲವೆ ಎಂದು ಗುಮಾಸ್ತನ ಮೇಲೆ ಕೂಗಾಡಿದ. ಚನ್ನಬಸವಯ್ಯ ಕೈಕೈ ಹೊಸೆದುಕೊಂಡು ಕಟ್ಟಿನ ಮಾತು ತಿಳಿಸಿದ. ಆಮೇಲೆ ಒಳಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟುಕೊಂಡು ಬಂದು ಕಾಳಾಚಾರಿಯ ಮುಂದೆ ಹಿಡಿದ.

"ನೀನು ಮಾಡಬೇಡ ಮಾರಾಯ. ಈ ವೀಳ್ಯ ಎತ್ತಿ ನನ್ನ ಕೈಗೆ ಕೊಟ್ಟು ಮರ ಬಿಟ್ಟೆ ಅಂದುಬಿಡು. ಇನ್ನೊಬ್ಬ ಮಾಡ್ತಾನೆ. ನಿನ್ನ ಗಂಟೇನು ಹೋಗ್ತದೆ?"

"ಕೊಡು!" ಎಂದ ದೊರೆ.

ಕಾಳಾಚಾರಿ ತಟ್ಟೆಯಿಂದ ಎಲೆ ಎತ್ತಿಕೊಂಡ. ಪಂಚೆಗೆ ಒರೆಸಿದ. ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದ. ಚನ್ನಬಸವಯ್ಯ ಎರಡು ಕೈಯೂ ಚಾಚಿದ. ಕಾಳಾಚಾರಿ ಒಮ್ಮೆ ಪುಟ್ಟರಾಜುವಿನ ಕಾಲು ನೋಡಿ, ಎಲೆಯನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿಯತೊಡಗಿದ.

"ಕೊಡಕಿಲ್ಲ," ಎಂದ.