ಮೂವತ್ತು ಎಲೆಕೋಸು, ಒಂದು ಹೃದಯ

ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆಂದಿದ್ದ ಎಲೆಕೋಸುಗಳನ್ನು ಓಕ್‌ಹೀ ಮೂರನೆಯ ನೀರಿನಲ್ಲಿ ಜಾಲಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಬಂದಿದ್ದು ಸಹಾಯಕ್ಕೆ ಬರಬೇಕಿದ್ದ ನಾದಿನಿಯೇ ಇರಬೇಕು ಎಂದುಕೊಂಡು, ಕೈಯಿಂದ ನೀರು ಸೋರುತ್ತಿದ್ದಂತೆಯೇ ಹೋಗಿ ತೆರೆದರೆ, ಚೀಲ ಹೊತ್ತ ಇಬ್ಬರು ನಿಂತಿದ್ದರು. ಮಗಳು ಸೆರಿನ್‌ಳ ಗೆಳತಿ ಯೇಸೊಲ್, ಮತ್ತು ಹೆಸರಿಗೆ ತಕ್ಕಂತೆ ಬೆಟ್ಟದ ಹಾಗಿರುವ ತೇಸಾನ್.

"ಚಿಕ್ಕಮ್ಮ, ಲೈಬ್ರರೀಲಿ ಒಂದು ಕುರ್ಚಿನೂ ಖಾಲಿ ಇಲ್ಲ. ಎಂಟು ಗಂಟೆಗೇ ಎಲ್ಲಾ ಬಂದು ಪುಸ್ತಕ ಇಟ್ಟು ಜಾಗ ಹಿಡ್ಕೊಂಡ್ಬಿಟ್ಟಿದಾರೆ," ಎಂದಳು ಯೇಸೊಲ್.

"ನಮ್ಮನೇಲೂ ಇಲ್ಲ ಕಣಮ್ಮ ಜಾಗ. ನೋಡು."

ಇದ್ದ ಒಂದು ಮೇಜಿನ ಮೇಲೆ ಮೂಲಂಗಿ, ಈರುಳ್ಳಿಸೊಪ್ಪು, ಬೆಳ್ಳುಳ್ಳಿ ಗುಡ್ಡೆಬಿದ್ದಿದ್ದವು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ನಡುವೆ ಸ್ನಾನದ ತೊಟ್ಟಿಯಷ್ಟು ದೊಡ್ಡ ಕೆಂಪು ಬೋಗುಣಿಯಲ್ಲಿ ಮೆಣಸಿನ ಮಸಾಲೆ ಕಲಸಿಟ್ಟಿತ್ತು. ಅದೇ ಹೊತ್ತಿಗೆ ಫೋನು ಬಂತು. ನಾದಿನಿಗೆ ಜ್ವರವಂತೆ, ಬರಲಾರಳಂತೆ. ಗಂಡ ಬಸ್ಸು ಓಡಿಸಲು ಬೆಳಿಗ್ಗೆ ಐದಕ್ಕೇ ಹೋಗಿಯಾಗಿತ್ತು. ಮೂವತ್ತು ಎಲೆಕೋಸು, ಇಡೀ ಚಳಿಗಾಲಕ್ಕೆ ಹಾಕಿಡುವ ಖಾರದ ಕಿಮ್ಚಿ, ಒಂದು ಜೊತೆ ಕೈ.

ತೇಸಾನ್ ಮೂಗರಳಿಸಿ ಒಲೆಯ ಕಡೆ ನೋಡಿದ. "ಚಿಕ್ಕಮ್ಮ, ಅದು ಹಂದಿಮಾಂಸ ಬೇಯ್ತಿರೋದಾ?"

"ಕಿಮ್ಚಿಗೆ ಕೈ ಹಾಕಿದೋರಿಗೆ ಮಾತ್ರ."

"ಹಾಗಾದ್ರೆ ಗ್ಲೌಸ್ ಕೊಡಿ. ಓದೋದು ಬಾಯಲ್ಲಿ ತಾನೆ?"

ಗ್ಲೌಸಿನ ಡಬ್ಬ ತೆಗೆದರೆ ಬರೀ ಎಡಗೈಯವು. ಚಾಕು ಹಿಡಿಯುವ ಬಲಗೈಯದೇ ಮೊದಲು ಹರಿದುಹೋಗುತ್ತದೆ. ಎಡಗೈಯವನ್ನು ಎಸೆಯಲು ಯಾವ ತಾಯಿಗೂ ಮನಸ್ಸಾಗುವುದಿಲ್ಲ. ಓಕ್‌ಹೀ ನಾಲ್ಕನ್ನು ಒಳಹೊರಗು ಮಾಡಿ, ಊದಿ ಬೆರಳು ಬಿಡಿಸಿ, ಬಲಗೈಯವನ್ನಾಗಿ ಮಾಡಿಕೊಟ್ಟಳು. ಕೋಣೆಯಲ್ಲಿ ಓದುತ್ತಿದ್ದ ಸೆರಿನ್‌ಳೂ ಎದ್ದು ಬಂದಳು. ಬೋಗುಣಿಯ ಸುತ್ತ ನಾಲ್ವರೂ ಕೂತರು. ಸೆರಿನ್ ಅಮ್ಮನ ಎದುರಿಗೆ ಕೂತಳು.

ಮಂಗಳವಾರ ಜೀವಶಾಸ್ತ್ರದ ಪರೀಕ್ಷೆ. ಶಾಲೆಯಲ್ಲಿ ಮಕ್ಕಳನ್ನು ಮೂವರು ಮೂವರಂತೆ ಗುಂಪು ಮಾಡಿದ್ದರು, ಒಬ್ಬರಿಗೊಬ್ಬರು ಹೇಳಿಕೊಡಲಿ ಎಂದು. ಈ ಸಲ ಮೂವರಲ್ಲಿ ಒಬ್ಬರಿಗೆ ಎಪ್ಪತ್ತಕ್ಕಿಂತ ಕಡಿಮೆ ಬಂದರೂ ಆ ಗುಂಪನ್ನು ಒಡೆದು, ಚಳಿಗಾಲದ ತರಗತಿಗಳಿಗೆ ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ. ಹಿಂದಿನ ಪರೀಕ್ಷೆಯಲ್ಲಿ ಯೇಸೊಲ್‌ಗೆ ತೊಂಬತ್ತೊಂದು, ತೇಸಾನ್‌ಗೆ ಎಪ್ಪತ್ತೆಂಟು, ಸೆರಿನ್‌ಗೆ ಐವತ್ತನಾಲ್ಕು. ಸೆರಿನ್‌ಗೆ ಇರುವ ಗೆಳೆಯರು ಈ ಇಬ್ಬರೇ ಎಂಬುದು ಓಕ್‌ಹೀಗೆ ಗೊತ್ತಿತ್ತು.

ಹುಡುಗಿ ಓದುವುದಿಲ್ಲ ಎಂದಲ್ಲ. ಪ್ರಶ್ನೆ ಕೇಳುವುದಿಲ್ಲ, ಅಷ್ಟೇ. ಮೂರನೇ ತರಗತಿಯಲ್ಲಿ ಒಮ್ಮೆ ಎದ್ದು ನಿಂತು, ತಿಮಿಂಗಿಲಕ್ಕೆ ಕಂಕುಳು ಇರುತ್ತಾ ಎಂದು ಕೇಳಿದ್ದಳು. ತರಗತಿ ಬಿದ್ದು ಬಿದ್ದು ನಕ್ಕಿತ್ತು, ಮೇಷ್ಟರೂ ನಕ್ಕಿದ್ದರು. ಅಂದಿನಿಂದ ಯಾರು ಏನು ಹೇಳಿಕೊಟ್ಟರೂ ತಲೆಯಾಡಿಸುತ್ತಾಳೆ. ಅರ್ಥವಾದರೂ ಅದೇ, ಆಗದಿದ್ದರೂ ಅದೇ. ಆ ಎರಡು ತಲೆಯಾಟದ ವ್ಯತ್ಯಾಸ ಹಿಡಿಯಬಲ್ಲವಳು ಲೋಕದಲ್ಲಿ ಓಕ್‌ಹೀ ಒಬ್ಬಳೇ. ಅರ್ಥವಾಗದಾಗ ಸೆರಿನ್ ಅಂಗಿಯ ತೋಳಿನ ತುದಿಯನ್ನು ಚಿವುಟಿಕೊಳ್ಳುತ್ತಾಳೆ.

"ಒಂದು ಎಲೆಕೋಸಿಗೆ ಒಂದು ಪ್ರಶ್ನೆ," ಎಂದು ಯೇಸೊಲ್ ನಿಯಮ ಹಾಕಿದಳು. "ಇವತ್ತು ಹೃದಯ ಹೇಳಿಕೊಡೋ ಸರದಿ ಸೆರಿನ್‌ದು. ಖಾಲಿ ಹಾಳೆ ಎಲ್ಲೇ?"

ಖಾಲಿ ಹಾಳೆ ಇವರ ಪದ್ಧತಿ. ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ನೆನಪಿನಿಂದಲೇ ಎಲ್ಲವನ್ನೂ ಬರೆಯಬೇಕು. ಸೆರಿನ್ ಮುಂಜಾನೆಯೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ನಾಲ್ಕು ಕೋಣೆ, ನೀಲಿ ಕೆಂಪು ಗೆರೆ, ಒಂದು ಬಾಣವೂ ತಪ್ಪಿಲ್ಲ.

"ಮೈಯಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತೆ. ಅಲ್ಲಿಂದ ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಆಮೇಲೆ ಮಹಾಪಧಮನಿ..." ಪದರದಿಂದ ಪದರಕ್ಕೆ ಮಸಾಲೆ ಸವರುತ್ತ ಸೆರಿನ್ ಒಂದೇ ಉಸಿರಿಗೆ ಹೇಳಿದಳು.

"ಅಬ್ಬಾ, ರೈಲಿನ ಅನೌನ್ಸ್‌ಮೆಂಟ್!" ಎಂದ ತೇಸಾನ್. "ಮುಂದಿನ ನಿಲ್ದಾಣ ಮೂತ್ರಪಿಂಡ."

"ನೀನು ಸುಮ್ನಿರೋ, ಅರ್ಧ ಎಲೆಕೋಸಿಗೆ ಮಸಾಲೆನೇ ಹಚ್ಚಿಲ್ಲ," ಎಂದು ಯೇಸೊಲ್ ಗದರಿದಳು. "ಸೆರಿನ್, ಗೋಡೆ ಎಲ್ಲಕ್ಕಿಂತ ದಪ್ಪ ಇರೋ ಕೋಣೆ ಯಾವುದು?"

ಸೆರಿನ್ ಫ್ರಿಜ್ಜಿನ ಕಡೆ ನೋಡಿದಳು. ಚಿತ್ರದ ಬಲಬದಿಯ ಗೋಡೆಯನ್ನು ತಾನೇ ದಪ್ಪವಾಗಿ ಬರೆದಿದ್ದಳು. ಅಲ್ಲಿ 'ಎಡ' ಎಂದು ತಾನೇ ಬರೆದಿದ್ದಳು. ಆದರೂ ಬಾಯಿಂದ ಬಂದದ್ದು, "ಬಲ... ಅಲ್ಲ, ತಿರುಗಿಸ್ಬೇಕು ಅಲ್ವಾ... ಎಡ. ಇಲ್ಲ, ಬಲ."

"ಎಡ ಕಣೇ! ಹಿಂದಿನ ಸಲನೂ ಇಲ್ಲೇ ಎಡವಿದ್ದು ನೀನು. ತಿಳೀತಾ?"

ಸೆರಿನ್ ತಲೆಯಾಡಿಸಿದಳು. ಗ್ಲೌಸಿನ ಬೆರಳು ತೋಳಿನ ತುದಿಗೆ ಹೋಗಿ ಚಿವುಟಿತು. ಬಿಳಿ ಸ್ವೆಟರಿನ ಮೇಲೆ ಕೆಂಪು ಕಲೆ ಬಿತ್ತು.

ಓಕ್‌ಹೀ ಕಲೆಯನ್ನು ನೋಡಿದಳು, ಹಾಳೆಯನ್ನು ನೋಡಿದಳು, ಎದುರಿಗೆ ಕೂತ ಮಗಳನ್ನು ನೋಡಿದಳು. ತನ್ನ ಎಡಗೈಯ ನೇರಕ್ಕೆ ಅವಳ ಬಲಗೈ. ಓಹೋ, ಗಂಟು ಇಲ್ಲಿದೆ! ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ಈಗ ತಾನು ಹೇಳಿದರೆ ಇವಳು ಮತ್ತೆ ತಲೆಯಾಡಿಸುತ್ತಾಳೆ. ಮಂಗಳವಾರ ಪರೀಕ್ಷೆಯ ಕೋಣೆಯಲ್ಲಿ ಅಮ್ಮ ಕೂತಿರುವುದಿಲ್ಲ. ಓಕ್‌ಹೀ ಮಾತನ್ನು ನುಂಗಿಕೊಂಡಳು.

ಎರಡು ಎಲೆಕೋಸು ಮುಗಿದ ಮೇಲೆ, "ಏನ್ರಪ್ಪಾ, ನನ್ನದೂ ಒಂದು ಪ್ರಶ್ನೆ ಇದೆ, ಕೇಳ್ಲಾ?" ಎಂದಳು.

"ನೀವಾ ಚಿಕ್ಕಮ್ಮ?"

"ನನ್ ಎಲೆಕೋಸಿಗೂ ಒಂದು ಪ್ರಶ್ನೆ ಬೇಡ್ವಾ? ನಾನು ಓದಿದ್ದು ಒಂಬತ್ತನೇ ತರಗತಿವರೆಗೆ, ನಗಬಾರದು. ಹೃದಯದೊಳಗೆ ಸದಾ ರಕ್ತ ತುಂಬಿರುತ್ತಲ್ಲ. ಮತ್ತೆ ಟೀವಿ ಡಾಕ್ಟರು, ಹೃದಯಕ್ಕೆ ರಕ್ತ ಹೋಗೋ ನಾಳ ಕಟ್ಟಿಕೊಳ್ತು ಅಂತಾರೆ. ಹೊಟ್ಟೆ ತುಂಬಾ ರಕ್ತ ಇಟ್ಕೊಂಡಿರೋದಕ್ಕೆ ಹೊರಗಿಂದ ಬೇರೆ ಯಾಕೆ ತಂದುಕೊಡ್ಬೇಕು?"

ಯೇಸೊಲ್ ಹುಬ್ಬು ಗಂಟಿಕ್ಕಿದಳು. "ಹೌದಲ್ಲ... ಗೋಡೆ ದಪ್ಪ ಇರುತ್ತಲ್ಲ ಚಿಕ್ಕಮ್ಮ, ಒಳಗಿನ ರಕ್ತ ಗೋಡೆಯ ಆಳಕ್ಕೆ ಇಳಿಯಲ್ಲ ಅನ್ಸುತ್ತೆ. ಅನ್ಸುತ್ತೆ, ಅಷ್ಟೇ. ಟೀಚರ್ ಹತ್ರ ಕೇಳ್ತೀನಿ. ಇದನ್ನ ನಮ್ ಕ್ಲಾಸಲ್ಲಿ ಯಾರೂ ಕೇಳೇ ಇಲ್ಲ!"

"ತೊಂಬತ್ತೊಂದಕ್ಕೂ ಗೊತ್ತಿಲ್ಲ!" ಎಂದು ತೇಸಾನ್ ನೆಲ ಬಡಿದು ನಕ್ಕ.

"ನಿಂಗೆ ಗೊತ್ತೇನೋ?"

"ನಂಗ್ಯಾಕೆ ಗೊತ್ತಿರ್ಬೇಕು? ನಾನು ಎಪ್ಪತ್ತೆಂಟು."

ಸೆರಿನ್ ಮಾತ್ರ ನಗಲಿಲ್ಲ. ಕೈ ನಿಲ್ಲಿಸಿ ಅಮ್ಮನನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂದು ಇಷ್ಟು ದೊಡ್ಡ ದನಿಯಲ್ಲಿ ಹೇಳಿದ ಅಮ್ಮನ ಮುಖದಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ. ಕೆನ್ನೆಗೆ ಮೆತ್ತಿದ ಮಸಾಲೆ ಮಾತ್ರ ಇತ್ತು. ಸೆರಿನ್ ಮತ್ತೆ ತಲೆ ತಿರುಗಿಸಿ ಫ್ರಿಜ್ಜಿನ ಹಾಳೆಯನ್ನು ನೋಡಿದಳು. ತುಟಿ ಅಲುಗಿತು, ನಿಂತಿತು.

ತೇಸಾನ್ ಕಣ್ಣಿಗೆ ಅದು ಬಿತ್ತು. "ಏ, ನಂಗೊತ್ತು ಇವಳಿಗೆ ಎಲ್ಲಿ ತೊಡಕು ಅಂತ. ಚಿತ್ರದಲ್ಲಿ..."

ಓಕ್‌ಹೀ ಎಲೆಕೋಸಿನ ಎಳೆಯ ಹಳದಿ ಎಲೆಯೊಂದನ್ನು ಕಿತ್ತು, ಮಸಾಲೆ ಸುತ್ತಿ, ಅವನ ತೆರೆದ ಬಾಯಿಗೆ ತುರುಕಿದಳು. ಕಿಮ್ಚಿಯ ದಿನ ಹಿರಿಯರು ಬಾಯಿಗಿಟ್ಟ ಎಲೆಯನ್ನು ಬೇಡ ಎನ್ನುವಂತಿಲ್ಲ. ಹುಡುಗ ಕಣ್ಣರಳಿಸಿ ಜಗಿಯತೊಡಗಿದ.

"ಉಪ್ಪು ಸರಿ ಇದ್ಯಾ ನೋಡು. ನಿಧಾನ, ಚೆನ್ನಾಗಿ ಜಗಿ." ಯೇಸೊಲ್ ಏನೋ ಹೇಳಹೊರಟಳು. ಅವಳ ಬಾಯಿಗೂ ಒಂದು ಎಲೆ ಹೋಯಿತು.

ಒಲೆಯ ಮೇಲಿನ ಪಾತ್ರೆ ಕೊತಕೊತ ಎನ್ನುತ್ತಿತ್ತು. ಓಕ್‌ಹೀ ತಲೆ ತಗ್ಗಿಸಿ ಇನ್ನೊಂದು ಎಲೆಕೋಸನ್ನು ಕೈಗೆತ್ತಿಕೊಂಡಳು. ಮಗಳತ್ತ ನೋಡಲೇ ಇಲ್ಲ. ಸೆರಿನ್ ಮೊದಲ ಹೆಜ್ಜೆ ಇಟ್ಟ ದಿನವೂ ಓಕ್‌ಹೀ ಹೀಗೇ ಮಾಡಿದ್ದಳು. ಕೈ ಚಾಚದೆ, ಮುಖ ಬೇರೆಡೆ ತಿರುಗಿಸಿ, ಉಸಿರು ಹಿಡಿದು ಕೂತಿದ್ದಳು.

ಒಂದು ಪದರ, ಎರಡು ಪದರ, ಮೂರು.

ಎದುರಿನ ಕೈ ತೋಳಿನ ತುದಿಯನ್ನು ಬಿಟ್ಟಿತು. ಸೆರಿನ್ ಎದ್ದು ಫ್ರಿಜ್ಜಿನ ಬಳಿ ಹೋಗಿ, ಒಳಹೊರಗಾದ ಗ್ಲೌಸಿನ ಬೆರಳನ್ನು ತನ್ನ ಹಾಳೆಯ ಮೇಲಿಟ್ಟಳು. ಹೃದಯದ ಮೇಲೆ ಕೆಂಪು ಚುಕ್ಕೆ ಬಿತ್ತು. ಬಾಯಿ ತುಂಬಿದ್ದ ಇಬ್ಬರೂ ಜಗಿಯುವುದನ್ನು ನಿಲ್ಲಿಸಿ ಕಾದರು. ಯಾರೂ ನಗಲಿಲ್ಲ. ಓಕ್‌ಹೀಯ ಎದೆ ಎಷ್ಟು ಉಬ್ಬಿತ್ತೆಂದರೆ, ಗೋಡೆ ದಪ್ಪವಿರುವ ಆ ಕೋಣೆ ಎಲ್ಲಿದೆ ಎಂದು ಯಾರೂ ಅವಳಿಗೆ ತೋರಿಸಬೇಕಿರಲಿಲ್ಲ.

"ನಂಗೆ ಇದು ಮೊದಲಿಂದಲೂ ಗೊತ್ತಾಗಿಲ್ಲ," ಎಂದಳು ಸೆರಿನ್, ಮೂವರಿಗೂ ಕೇಳುವಂತೆ. "ಚಿತ್ರದಲ್ಲಿ ಬಲಗಡೆ ಇರೋ ಕೋಣೆಗೆ ಎಡ ಅಂತ ಯಾಕೆ ಹೇಳ್ತಾರೆ?"