ಹನ್ನೊಂದು ಹೊಲ ದಾಟಿ ಬಂದ ಮಕ್ಕಳು

ಆಳಂದದ ಅಂಚಿನ ಮಿಶನ್ ಅನಾಥಾಶ್ರಮದಲ್ಲಿ ಗುರುಶಾಂತಮ್ಮ ರೊಟ್ಟಿ ಬಡಿಯಲು ಸೇರಿ ಒಂಬತ್ತು ವರ್ಷವಾಗಿತ್ತು. ಅವಳು ವರ್ಷಕ್ಕೊಂದೇ ರಜೆ ಕೇಳುತ್ತಿದ್ದಳು, ಎಳ್ಳ ಅಮಾವಾಸ್ಯೆಗೆ. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ನಿಂತ ಬೆಳೆಗೆ ಚರಗದ ಅನ್ನ ಚೆಲ್ಲಿ, ಭೂಮಿಗೆ ಉಣಿಸಿ, ಆಮೇಲೆ ತಾನು ಉಣ್ಣುತ್ತದೆ. ಆಶ್ರಮದ ಇಪ್ಪತ್ತಾರು ಮಕ್ಕಳು ಮಾತ್ರ ಗೇಟಿಗೆ ಜೋತುಬಿದ್ದು ಹೋಗುವ ಬಂಡಿಗಳನ್ನು ನೋಡುತ್ತಿದ್ದವು. ಮರುದಿನ ಶಾಲೆಯಲ್ಲಿ ಯಾರಾದರೂ "ನಿಮ್ ಹೊಲದಾಗ ಏನ್ ಉಂಡ್ರಿ?" ಎಂದರೆ ಸಣ್ಣ ರೂತಿ ಪಾಟಿಯಿಂದ ಮುಖ ಮುಚ್ಚಿಕೊಳ್ಳುತ್ತಾಳೆಂದು ಗುರುಶಾಂತಮ್ಮನಿಗೆ ತಿಳಿದದ್ದು ಹೋದ ವರ್ಷ. ಮುಂದಿನ ಸಲ ಇವರನ್ನೆಲ್ಲ ನನ್ನ ನಾಲ್ಕು ಎಕರೆಯಲ್ಲೇ ಉಣಿಸುತ್ತೇನೆ ಎಂದು ಅವಳು ಅಂದೇ ಮನಸ್ಸು ಮಾಡಿದ್ದಳು.

ಆ ಮುಂದಿನ ಸಲ, ಎಂಬತ್ತಾರರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆಂದು ನಾರ್ವೆ ದೇಶದ ಮಿಶನ್ನಿನವರು ಆರು ಜನ ಬಂದಿಳಿದರು. ಗೋಡೆಗೆ ಸುಣ್ಣ ಬಳಿದರು, ಮಕ್ಕಳ ತಲೆಯ ಹೇನು ತೆಗೆದರು, ಗುರುಶಾಂತಮ್ಮನ ಮಗ್ಗುಲಲ್ಲಿ ಕುಳಿತು ರೊಟ್ಟಿ ಬಡಿಯಹೋಗಿ ಬೆರಳು ಸುಟ್ಟುಕೊಂಡರು. ಅವರ ಮುಂದಾಳು ಇಂಗರ್, ಅರವತ್ತು ದಾಟಿದ ಹೆಂಗಸು. ಮಕ್ಕಳ ಬಾಯಲ್ಲಿ ಇಂಗ್ರಮ್ಮ.

ಗುರುಶಾಂತಮ್ಮ ಹೊಲದ ಮಾತು ತೆಗೆದಾಗ ವಾರ್ಡನ್ ಪ್ರಭುದಾಸರು ತಲೆ ಕೆರೆದುಕೊಂಡರು. "ಮಣ್ಣಿಗಿ ದೇವರಂಗ ಎಡಿ ಹಿಡಿಯೂದು ನಮ್ಮಲ್ಲಿ ನಡಿಯಂಗಿಲ್ಲಮ್ಮ. ಮ್ಯಾಲ ಈ ಪರದೇಶದ ಪಾವಣ್ಯಾರು ಏನ್ ತಿಳ್ಕೊಂತಾರೋ!"

"ಅವರನ್ನ ಕೇಳಿ ನೋಡ್ರಿ ಸರ. ಮೊದಲ ನೀವು ಪ್ರಾರ್ಥನಾ ಮಾಡ್ರಿ, ಆಮ್ಯಾಲ ನಾ ಚೆಲ್ಲತೇನಿ. ಹೊಟ್ಟಿ ಹಸಿಯೂದು ಎಲ್ಲಾರಿಗೂ ಒಂದ ರೀತಿ ಅಲ್ಲೇನ್ರಿ?"

ಪ್ರಭುದಾಸರು ಅಳುಕುತ್ತಲೇ ಇಂಗ್ಲಿಷಿನಲ್ಲಿ ಕೇಳಿದರು. ಇಂಗ್ರಮ್ಮ ಕೈಯಾಡಿಸುತ್ತ ಬಹಳ ಹೊತ್ತು ಏನೋ ಹೇಳಿದಳು. ಪ್ರಭುದಾಸರ ಮುಖ ಸಡಿಲಾಯಿತು. "ಅವರ ಅಜ್ಜನೂ ರೈತನ ಅಂತ. ಕ್ರಿಸ್‌ಮಸ್ ಬಂತಂದ್ರ ತೆನಿ ಸಿವುಡು ಕಟ್ಟಿ ಹಕ್ಕಿಗಳಿಗೆ ಇಡತಿದ್ರಂತ. ಹೋಗೂಣು ಅಂತಾರ, ಮಾರಾಯ್ತಿ."

ಅಮಾವಾಸ್ಯೆಯ ಬೆಳಿಗ್ಗೆ ಗುರುಶಾಂತಮ್ಮ ಬುಟ್ಟಿಗಳನ್ನು ಮೈದುನ ಗುರಣ್ಣನ ಬಂಡಿಗೆ ಹೇರಿ ಮುಂದೆ ನಡೆದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಹಸಿಗಾಳು ಸೊಪ್ಪು ಕುದಿಸಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ನಲವತ್ತು ಜನಕ್ಕಾಗುವಷ್ಟು, ಎರಡು ದಿನದ ದುಡಿಮೆ. "ಹಿರೋಳ್ಳಿ ದಾರಿ ಹಿಡದು ಸೀದಾ ನಡಕೋತ ಬರ್ರಿ, ಮೂರ ಮೈಲಿ ಅಷ್ಟ" ಎಂದು ಪ್ರಭುದಾಸರಿಗೆ ಹೇಳಿದ್ದಳು.

ಹೊತ್ತು ನೆತ್ತಿಗೆ ಬಂತು. ಜೋಳದ ಬೆಳೆ ಎದೆಯುದ್ದ ನಿಂತು ತೂಗುತ್ತಿತ್ತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪ್ರಭುದಾಸರು ಮನಸ್ಸು ತಿರುಗಿಸಿದರೇನೋ ಎಂದು ಅವಳು ಬಂಡಿ ಹತ್ತಿ ನಿಂತು ದಾರಿ ನೋಡಿದಳು.

"ವೈನಿ, ನನಗರ ಒಂದ ಕಡಬು ಕೊಡು" ಎಂದ ಗುರಣ್ಣ.

"ಸುಮ್ಮ ಕುಂದರೋ. ಮಕ್ಕಳಿಗಿಂತ ಮೊದಲ ನಿಂದೇನು?"

ಎರಡು ಗಂಟೆಗೆ ದಂಡು ಕಂಡಿತು. ಯಾರ ನಡಿಗೆಯಲ್ಲೂ ಅವಸರವಿರಲಿಲ್ಲ. ಇಂಗ್ರಮ್ಮ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದಳು. ಹುಡುಗರು ಬಂದವರೇ ಬನ್ನಿ ಮರದ ನೆರಳಿಗೆ ಉರುಳಿದರು.

"ಕೈ ತೊಳಕೋರಿ, ಏಳ್ರಿ!"

ಯಾರೂ ಏಳಲಿಲ್ಲ. ರೂತಿ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. "ಅಮ್ಮ, ಜಾಗಾನ ಇಲ್ಲ."

ಪ್ರಭುದಾಸರು ತಪ್ಪು ಮಾಡಿದವರಂತೆ ನಿಂತರು. "ಏನ್ ಮಾಡ್ಲಿ ಗುರುಶಾಂತಮ್ಮ? ದಾರಿಗುಂಟ ಹನ್ನೊಂದ ಹೊಲ. ಒಬ್ಬರೂ ಬಿಡವಲ್ರು. ಇವತ್ತ ಉಣಲಾರದ ಹೊಲ ದಾಟಬಾರದು ಅಂತ ಕೈ ಹಿಡದು ಜಗ್ಗತಾರ. ಈ ಪಾವಣ್ಯಾರು ಮೊದಲನೇದ ನಿಮ್ಮ ಹೊಲ ಅಂತ ತಿಳ್ಕೊಂಡು ಕಂಠಮಟ ಉಂಡ್ರು. ಉಳಿದ ಹತ್ತು ಆಮ್ಯಾಲ ಬಂದ್ವು!"

ಗುರಣ್ಣ ಬಿದ್ದು ಬಿದ್ದು ನಕ್ಕ. ಗುರುಶಾಂತಮ್ಮನಿಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿ; ನಡಕೋತ ಬರ್ರಿ ಎನ್ನುವಾಗ ಅದೇ ಮರೆತುಹೋಗಿತ್ತು. ಕಟ್ಟು ಬಿಚ್ಚದ ಬುಟ್ಟಿಗಳನ್ನು ನೋಡಿದಳು.

"ಇರಲಿ. ಚರಗ ಚೆಲ್ಲೂಣು ಬರ್ರಿ" ಎಂದಳು.

ಪ್ರಭುದಾಸರು ಚುಟುಕಾಗಿ ಪ್ರಾರ್ಥಿಸಿದರು. ಅವಳು ಚರಗಕ್ಕೆಂದೇ ಬೇರೆ ಗಡಿಗೆಯಲ್ಲಿ ತಂದಿದ್ದ ಭಜ್ಜಿ ಕಲಸಿದ ಅನ್ನವನ್ನು ಒಂದೊಂದು ಕೈಗೆ ಒಂದೊಂದು ಹಿಡಿ ಕೊಟ್ಟಳು. ಮಕ್ಕಳು ಸಾಲಿನ ನಡುವೆ ಕೂಗುತ್ತ ಓಡಿದವು; ಹಿಂದೆ ಇಂಗ್ರಮ್ಮ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋದಳು. ರೂತಿ ಮಾತ್ರ ತನ್ನ ಹಿಡಿಯನ್ನು ಬದುವಿನ ಗುಂಟ ಕಾಳು ಕಾಳಾಗಿ ಉದುರಿಸಿದಳು, ಬೇಗ ಮುಗಿಯಬಾರದೆಂಬಂತೆ.

ಆಗ ಪಕ್ಕದ ಹೊಲದ ರಸೂಲ ಕೊಡ ಹೊತ್ತು ದಾರಿಯಲ್ಲಿ ಹೊರಟಿದ್ದ. ಗುರುಶಾಂತಮ್ಮ ಬಾಯಿ ತೆರೆಯುವಷ್ಟರಲ್ಲಿ ರೂತಿ ಬದುವಿನ ಮೇಲೆ ನಿಂತು ಎರಡೂ ಕೈ ಚಾಚಿದಳು.

"ಕಾಕಾ, ಎಲ್ಲಿಗಿ ಹೊಂಟ್ರಿ? ನಮ್ಮ ಹೊಲದಾಗ ಉಣಲಾರದ ಹಂಗ ದಾಟಬ್ಯಾಡ್ರಿ!"

ರಸೂಲ ಗುರುಶಾಂತಮ್ಮನ ಕಡೆ ನೋಡಿದ. ನಕ್ಕು ಕೊಡ ಇಳಿಸಿದ. "ಹೊಲದ ಒಡತೀನ ಕರದ ಮ್ಯಾಲ ಹೆಂಗ ಹೋಗಲಿ? ನಡಿ ಅವ್ವಾ."

ಗುರುಶಾಂತಮ್ಮ ಮೊದಲ ಬುಟ್ಟಿಯ ಕಟ್ಟು ಬಿಚ್ಚಿದಳು. ರೂತಿ ರೊಟ್ಟಿ ಎತ್ತಿ ಕೊಡುತ್ತ, "ಇನ್ನೊಂದ್ ಹಾಕಸ್ಕೋರಿ ಕಾಕಾ, ನಾಚಬ್ಯಾಡ್ರಿ" ಎನ್ನುತ್ತಿದ್ದಳು. ಉಳಿದ ಹುಡುಗರು ಆಗಲೇ ದಾರಿಗೆ ಓಡಿದ್ದರು, ಮತ್ತೆ ಯಾರು ಸಿಗುತ್ತಾರೆಂದು ನೋಡಲು.